ಹೆದರಿಕೆ ಒಂದು ಕಡೆ, ಅಪಾಯ ಇನ್ನೊಂದು ಕಡೆ

ಎಚ್‌ಎಂಪಿವಿ ಅನ್ನೋ ನೆಗಡಿ-ಕೆಮ್ಮಿನ ವೈರಸ್ ಬಂತು ಅಂದಾಗ ಮಾಸ್ಕ್ ಹುಡುಕಿದ ಮನೆಯವರು ಬಾವಲಿಯಿಂದ ಬರುವ ನಿಫಾ ವೈರಸ್ ಅಂದರೆ 'ಅದು ಕೇರಳದ್ದು ಬಿಡು' ಅಂತಾರೆ, ಯಾರ ಮಾತು ಕೇಳಲಿ ಅಂದಿದ್ದೀರಿ. ನನ್ನ ಪ್ರಕಾರ ಅವರು ಎರಡನ್ನೂ ಅದಲುಬದಲು ಮಾಡಿಕೊಂಡಿದ್ದಾರೆ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಸಿಕ್ಕಿದಾಗ ಟಿವಿಯಲ್ಲಿ ಇನ್ನೊಂದು ಕೊರೋನಾ ಬಂದೇಬಿಟ್ಟಿತು ಅನ್ನೋ ಗಲಾಟೆ. ಆದರೆ ಅದು ಹೊಸ ವೈರಸ್ಸೇ ಅಲ್ಲ, 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾದದ್ದು. ಹೆಚ್ಚಿನವರಿಗೆ ನೆಗಡಿ, ಕೆಮ್ಮಿನಲ್ಲೇ ಮುಗಿಯುತ್ತದೆ. ಎಳೆ ಮಕ್ಕಳು, ವಯಸ್ಸಾದವರು ಇದ್ದರೆ ಸ್ವಲ್ಪ ಜೋಪಾನ, ಅಷ್ಟೇ.

ನಿಫಾ ಹಾಗಲ್ಲ. 2018ರಲ್ಲಿ ಕೋಳಿಕ್ಕೋಡ್, ಮಲಪ್ಪುರಂ ಕಡೆ 17 ಜನ ತೀರಿಕೊಂಡರು. ರೋಗಿಯ ಆರೈಕೆ ಮಾಡಿದ ನರ್ಸ್ ಒಬ್ಬರೂ ಅದರಲ್ಲಿದ್ದರು. ಇದಕ್ಕೆ ಬಳಕೆಯಲ್ಲಿರುವ ಲಸಿಕೆ ಇಲ್ಲ. ಹಾಗಂತ ಕೊರೋನಾ ತರಹ ಊರಿಗೆಲ್ಲ ಸುಲಭವಾಗಿ ಹಬ್ಬುವುದಿಲ್ಲ. ರೋಗಿಯ ಜೊಲ್ಲು, ವಾಂತಿ ಮುಟ್ಟುವಷ್ಟು ಹತ್ತಿರ ಇದ್ದವರಿಗೇ ಅಂಟುವುದು ಜಾಸ್ತಿ. ನಮ್ಮ ಜನ ಇಲ್ಲೇ ಎಡವುವುದು: ಎಷ್ಟು ಜನಕ್ಕೆ ಬರುತ್ತದೆ ಅನ್ನೋದೂ ಬಂದವರಿಗೆ ಏನಾಗುತ್ತದೆ ಅನ್ನೋದೂ ಒಂದೇ ಅಂದುಕೊಳ್ಳುತ್ತಾರೆ.

ಬಾವಲಿ ಕಚ್ಚಿದ ಹಣ್ಣಿನಿಂದಲೂ ನಿಫಾ ಬರಬಹುದು ಅಂತ 2018ರಲ್ಲಿ ನಮ್ಮಮ್ಮ ಸುಮ್ನೆ ಮಾವಿನಹಣ್ಣನ್ನೇ ಬಿಟ್ಟಿದ್ದರು. ಬುಟ್ಟಿ ಹೊತ್ತು ಬಂದವಳನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದು ನೆನಪಿದೆ, ಪಾಪ. ಅಷ್ಟು ಬೇಕಿರಲಿಲ್ಲ. ಬಾವಲಿ ಕಚ್ಚಿದ ಹಣ್ಣು ಎಸೆಯಿರಿ, ಉಳಿದದ್ದನ್ನು ತೊಳೆದು ಸಿಪ್ಪೆ ತೆಗೆದು ತಿನ್ನಿ. ನಿಫಾ ಇರುವ ಊರಿಗೆ ಹೋಗಿಬಂದವರಿಗೆ ಜ್ವರ, ತಲೆನೋವು, ಮಂಪರು ಕಂಡರೆ ಎಲ್ಲಿಗೆ ಹೋಗಿದ್ದರು ಅನ್ನೋದನ್ನು ಡಾಕ್ಟರಿಗೆ ಮೊದಲೇ ಹೇಳಿ.