ಹೆಸರಲ್ಲಿ 'ಓಮಾ' ಇದ್ದರೆ ಕ್ಯಾನ್ಸರ್ ಅಂತಲೇ ಅರ್ಥವಾ?

ಅಮ್ಮನ ಬೆನ್ನ ಮೇಲಿನ ಗಂಟು ತೆಗೆಸಿದ್ದೀರಿ, ರಿಪೋರ್ಟ್‌ನಲ್ಲಿ 'ಲೈಪೋಮಾ' ಅಂತ ಬಂದಿದೆ, ಓಮಾ ಅಂದರೆ ಕ್ಯಾನ್ಸರ್ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಲೈಪೋಮಾ ಅಂದರೆ ಕೊಬ್ಬಿನ ಗಂಟು, ಅಷ್ಟೇ.

ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ರಿಪೋರ್ಟ್ ಬರೆಯುವವರು ಡಾಕ್ಟರು, ಸ್ಲೈಡ್ ಮಾಡಿಕೊಡುವುದು ನಾನು. ಕೊಬ್ಬಿನ ಗಂಟು ಬಂದರೆ ಡಬ್ಬಿ ನೋಡಿದಾಗಲೇ ಅರ್ಧ ಗೊತ್ತಾಗುತ್ತದೆ. ಹಳದಿಯಾಗಿ, ಫಾರ್ಮಲಿನ್‌ನಲ್ಲಿ (ತುಂಡು ಕೆಡದಂತೆ ಇಡುವ ದ್ರವ) ತೇಲುತ್ತಿರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ 4-5 ಮೈಕ್ರಾನ್ ತೆಳ್ಳಗೆ ಸೀಳಿ ಬಣ್ಣ ಹಾಕುತ್ತೇವೆ. ಅಷ್ಟರಲ್ಲಿ ಕೊಬ್ಬೆಲ್ಲ ಕರಗಿ ಹೋಗಿರುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಖಾಲಿ ಜೇನುಗೂಡಿನಂಥ ಕೋಶಗಳು, ಅಂಚಿಗೆ ಒತ್ತಿಕೊಂಡ ಸಣ್ಣ ನೀಲಿ ಚುಕ್ಕೆ. ಆ ಚುಕ್ಕೆಯೇ ನ್ಯೂಕ್ಲಿಯಸ್, ಅಂದರೆ ಕೋಶದ ಕೇಂದ್ರ.

ನಮ್ಮ ಜೀವಕೋಶಗಳು ಬೇಕಾದಾಗ ಎರಡಾಗುತ್ತವೆ, ಸಾಕಾದಾಗ ನಿಲ್ಲುತ್ತವೆ. ಡಿಎನ್‌ಎಯಲ್ಲಿ ಒಂದರ ಮೇಲೊಂದು ತಪ್ಪು ಸೇರಿ ಆ 'ನಿಲ್ಲು' ಅನ್ನೋದು ಕೆಟ್ಟರೆ ಗಡ್ಡೆ. ಇದ್ದಲ್ಲೇ ಬೆಳೆದು ಪಕ್ಕದ್ದನ್ನು ಸುಮ್ನೆ ಒತ್ತಿದರೆ ಸಾಧಾರಣ ಗಡ್ಡೆ. ಪಕ್ಕದ್ದರೊಳಗೇ ನುಗ್ಗಿದರೆ, ರಕ್ತದಲ್ಲೋ ದುಗ್ಧರಸದಲ್ಲೋ ಬೇರೆ ಕಡೆ ಹೋಗಿ ಬೇರೂರಿದರೆ, ಅದು ಕ್ಯಾನ್ಸರ್.

ಹೆಸರು ಬರುವುದು ಯಾವ ಅಂಗಾಂಶದಿಂದ ಹುಟ್ಟಿತು ಅನ್ನೋದರ ಮೇಲೆ. 'ಓಮಾ' ಅಂದರೆ ಗಡ್ಡೆ ಅಷ್ಟೇ, ಸಾಧಾರಣ ಗಡ್ಡೆಗೆ ಸಾಮಾನ್ಯವಾಗಿ ಅಂಗಾಂಶದ ಹೆಸರಿಗೆ ಬರೀ 'ಓಮಾ' ಸೇರಿಸುತ್ತಾರೆ, ಲೈಪೋಮಾದ ಹಾಗೆ. ಕೊಬ್ಬು, ಮೂಳೆ, ಸ್ನಾಯು ಇಂಥವುಗಳ ಕ್ಯಾನ್ಸರ್ ಸಾರ್ಕೋಮಾ. ಕೊಬ್ಬಿನದಾದರೆ ಲೈಪೋಸಾರ್ಕೋಮಾ. ಚರ್ಮ, ಬಾಯಿ, ಕರುಳಿನ ಒಳಪದರದಿಂದ ಹುಟ್ಟಿದರೆ ಕಾರ್ಸಿನೋಮಾ. ಗ್ರಂಥಿಯದ್ದಾದರೆ ಮುಂದೆ 'ಅಡಿನೋ' ಸೇರುತ್ತದೆ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಕಾರ್ಸಿನೋಮಾನೇ ಜಾಸ್ತಿ. ಒಳಪದರದ ಕೋಶಗಳು ಸದಾ ಹೊಸದಾಗುತ್ತಿರುತ್ತವೆ, ಹೊಗೆ, ತಂಬಾಕಿನ ಪೆಟ್ಟೂ ಮೊದಲು ಅವಕ್ಕೇ. ಗುಟ್ಕಾ ಹಾಕುವವರ ಬಾಯಿಂದ ಬರುವ ತುಂಡುಗಳಲ್ಲಿ ನಾವು ಪದೇ ಪದೇ ನೋಡುವುದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಂದರೆ ಒಳಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್.

ಆದರೆ ಹೆಸರಿಟ್ಟವರು ನಿಯಮ ಪೂರ್ತಿ ಪಾಲಿಸಿಲ್ಲ. ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳದ್ದು), ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳದ್ದು) ಎರಡೂ ಕೇಳಲು ಲೈಪೋಮಾದ ಹಾಗೇ ಇವೆ, ಎರಡೂ ಕ್ಯಾನ್ಸರ್. ಗರ್ಭಕೋಶದ 'ಫೈಬ್ರಾಯ್ಡ್' ಹೆಸರು ನಾರಿನದು, ಹುಟ್ಟಿದ್ದು ಸ್ನಾಯುವಿನಿಂದ. ರಿಪೋರ್ಟ್‌ನಲ್ಲಿ ಅದು 'ಲಿಯೋಮಯೋಮಾ' ಅಂತ ಬರುತ್ತದೆ, ಜನ ಗಾಬರಿಯಾಗಿ ಓಡಿ ಬರುತ್ತಾರೆ. ಅದೂ ಕ್ಯಾನ್ಸರ್ ಅಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ರಿಪೋರ್ಟ್ ಡಾಕ್ಟರಿಗೆ ತೋರಿಸಿ. ಅದೇ ಜಾಗದಲ್ಲಿ ಮತ್ತೆ ಗಂಟು ಕಂಡರೆ ಇದೇ ಕಾಗದ ಹಿಡಿದು ಹೋಗಿ, ಬಿಸಾಕಬೇಡಿ.