ಮೂರು ವಾರ, ಐವರು ಗೆಳೆಯರು, ಐದು ಕ್ಯಾಮೆರಾ: ಭಾರತದಲ್ಲಿ ಛಾಯಾಗ್ರಹಣ ಪ್ರವಾಸವನ್ನು ಹೇಗೆ ಯೋಜಿಸಬೇಕು?

ಜರ್ಮನಿಯಲ್ಲಿ ನೆಲೆಸಿರುವ ನೀವು ಅಲ್ಲಿಯ ನಾಲ್ವರು ಗೆಳೆಯರನ್ನು ಕರೆದುಕೊಂಡು ಡಿಸೆಂಬರ್ 26ರಿಂದ ಮೂರು ವಾರ ಭಾರತದಲ್ಲಿ ಫೋಟೊ ತೆಗೆಯುತ್ತ ತಿರುಗಬೇಕೆಂದಿದ್ದೀರಿ. ದೆಹಲಿ, ಆಗ್ರಾ, ಜೈಪುರ, ವಾರಾಣಸಿ, ಲಡಾಖ್, ಹಂಪಿ, ಕೇರಳ ಎಂಬ ಪಟ್ಟಿಯನ್ನು ಕೊಟ್ಟು, ಇದರಲ್ಲಿ ಏನನ್ನು ಬಿಡಬೇಕು ಎಂದು ಕೇಳಿದ್ದೀರಿ. ಹಂಪಿಯೊಂದನ್ನು ಉಳಿಸಿಕೊಂಡು ಮಿಕ್ಕ ಎಲ್ಲವನ್ನೂ ಬಿಡಿ ಎಂಬುದು ನನ್ನ ಸಲಹೆ. ಒಂದು ಸ್ಥಳದಲ್ಲಿ ಕನಿಷ್ಠ ಎರಡು ಬೆಳಗು ಮತ್ತು ಎರಡು ಸಂಜೆ ಸಿಗದಿದ್ದರೆ ಆ ಸ್ಥಳಕ್ಕೆ ಕ್ಯಾಮೆರಾ ಹೊತ್ತು ಹೋಗುವುದರಲ್ಲಿ ಅರ್ಥವಿಲ್ಲ. ಮೊದಲ ಬೆಳಗು ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ತಿಳಿಯುವುದರಲ್ಲೇ ಕಳೆದುಹೋಗುತ್ತದೆ, ಕೆಲಸ ಆಗುವುದು ಎರಡನೆಯ ದಿನ. ಈ ಲೆಕ್ಕ ಹಿಡಿದರೆ ಮೂರು ವಾರಕ್ಕೆ ಆರು ಸ್ಥಳಗಳು ಸಿಗುತ್ತವೆ, ಮತ್ತು ಅವು ಒಂದೇ ವಾಹನದಲ್ಲಿ ಹೋಗಿ ಮುಟ್ಟುವಷ್ಟು ಹತ್ತಿರವಿರಬೇಕು.

ಉತ್ತರ ಭಾರತವನ್ನು ಬಿಡಬೇಕೆನ್ನುವುದಕ್ಕೆ ನೀವು ಬರುವ ತಿಂಗಳೂ ಕಾರಣ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಗಂಗಾ ಬಯಲಿನಲ್ಲಿ ದಟ್ಟ ಮಂಜು ಕವಿಯುತ್ತದೆ, ರೈಲು ಮತ್ತು ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಬೆಳಿಗ್ಗೆ ತಾಜ್‌ಮಹಲ್ ಎದುರು ನಿಂತರೂ ಬಿಳಿಯ ತೆರೆಯ ಹೊರತು ಏನೂ ಕಾಣದಿರುವ ಸಾಧ್ಯತೆ ಇದ್ದೇ ಇರುತ್ತದೆ. ವಾರಾಣಸಿಯ ಘಾಟುಗಳೆಲ್ಲ ಪೂರ್ವಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಒಂದು ವಾರ ಕೂತು ಮಂಜನ್ನೇ ವಿಷಯವಾಗಿಸಿಕೊಳ್ಳುವ ಛಾಯಾಗ್ರಾಹಕರಿಗೆ ಇದು ಒಳ್ಳೆಯ ಕಾಲವೇ, ಆದರೆ ಎರಡು ದಿನಕ್ಕೆ ಬಂದು ಹೋಗುವವರಿಗೆ ಅಲ್ಲ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಜನವರಿಯ ಕೊರೆಯುವ ಚಳಿಯಲ್ಲಿ ಆ ಎತ್ತರಕ್ಕೆ ದೇಹ ಹೊಂದಿಕೊಳ್ಳುವುದಕ್ಕೇ ಎರಡು ಮೂರು ದಿನ ಬೇಕು. ಗೆಳೆಯರು ತಾಜ್ ನೋಡಲೇಬೇಕೆಂದು ಹಟ ಹಿಡಿದರೆ ಕೊನೆಯಲ್ಲಿ ಅವರೇ ಹೋಗಿಬರಲಿ, ಶುಕ್ರವಾರ ಅದು ಮುಚ್ಚಿರುತ್ತದೆ ಎಂಬುದನ್ನು ಮಾತ್ರ ಹೇಳಿ ಕಳಿಸಿ.

ಹಾಗಾದರೆ ಕರ್ನಾಟಕ. ತವರಿಗೇ ಕರೆದುಕೊಂಡು ಹೋದಂತಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಗುಂಪಿನಲ್ಲಿ ಒಬ್ಬರಿಗೆ ವಾಸ್ತುಶಿಲ್ಪ, ಒಬ್ಬರಿಗೆ ಹಕ್ಕಿ, ಇಬ್ಬರಿಗೆ ಜನಜೀವನ ಇಷ್ಟ ಎಂದು ನೀವೇ ಬರೆದಿದ್ದೀರಿ. ಈ ಮೂರೂ ಕೆಲವೇ ಗಂಟೆಗಳ ಹಾದಿಯಲ್ಲಿ ಸಿಗುವ ಪ್ರದೇಶ, ನಿಮಗೆ ಭಾಷೆ ಬರುವ ಪ್ರದೇಶ ಬೇರೊಂದಿಲ್ಲ. ಚಳಿಗಾಲದಲ್ಲಿ ಇಲ್ಲಿಯ ಆಕಾಶವೂ ಬಹುಮಟ್ಟಿಗೆ ತಿಳಿಯಾಗಿರುತ್ತದೆ.

ಆರಂಭವನ್ನು ಹಂಪಿಯಿಂದ ಮಾಡಬೇಡಿ. ಹೊಸ ವರ್ಷದ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದರ ಜೊತೆಗೆ ಡಿಸೆಂಬರ್ ಎಂದರೆ ಶಾಲಾ ಮಕ್ಕಳ ಶೈಕ್ಷಣಿಕ ಪ್ರವಾಸದ ತಿಂಗಳು, ಬಸ್ಸುಗಳು ಬಂದು ನಿಂತವೆಂದರೆ ಕಲ್ಲಿನ ರಥದ ಸುತ್ತ ಸಮವಸ್ತ್ರವೇ ಕಾಣುತ್ತದೆ. (ಜನಜೀವನದ ಇಬ್ಬರಿಗೆ ಇದೇ ಒಳ್ಳೆಯ ಅವಕಾಶವೂ ಹೌದು, ಆ ಮಕ್ಕಳಷ್ಟು ಉತ್ಸಾಹದಿಂದ ಕ್ಯಾಮೆರಾ ಎದುರು ನಿಲ್ಲುವವರು ಇನ್ಯಾರೂ ಇಲ್ಲ.) ಬೆಂಗಳೂರಿನಲ್ಲಿ ಇಳಿದು ಒಂದು ದಿನ ಸುಧಾರಿಸಿಕೊಂಡು, ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿ ಬಾದಾಮಿಗೆ ಹೋಗಿ. ಹೊಸ ವರ್ಷದ ಗದ್ದಲ ಕಳೆಯುವವರೆಗೆ ಅಲ್ಲೇ ಇರಿ.

ಬಾದಾಮಿಯ ಕೆಂಪು ಮರಳುಗಲ್ಲು ಸಂಜೆಯ ಬಿಸಿಲಿಗಾಗಿಯೇ ಇರುವಂಥದ್ದು. ಅಗಸ್ತ್ಯ ತೀರ್ಥದ ಪೂರ್ವದ ಅಂಚಿನಲ್ಲಿರುವ ಭೂತನಾಥ ದೇವಾಲಯಕ್ಕೆ ಬೆಳಿಗ್ಗೆ ಹಿಂದಿನ ಬಂಡೆಯ ನೆರಳು ಕವಿದಿರುತ್ತದೆ. ಸಂಜೆ ಸೂರ್ಯ ಪಶ್ಚಿಮಕ್ಕೆ ವಾಲಿದಾಗ ದೇವಾಲಯ, ಬಂಡೆ, ನೀರಿನಲ್ಲಿ ಅವೆರಡರ ಬಿಂಬ ಎಲ್ಲವೂ ಒಟ್ಟಿಗೆ ಕೆಂಪಾಗುತ್ತವೆ. ಮೇಣಬಸದಿಗಳೆಂಬ ಗುಹಾಲಯಗಳನ್ನೂ ಮಧ್ಯಾಹ್ನದ ನಂತರಕ್ಕೇ ಇಟ್ಟುಕೊಳ್ಳಿ. ಮೂರನೆಯ ಗುಹೆ 578ರ ಶಾಸನವಿರುವ ಗುಹೆ, ಅಲ್ಲಿ ಕಂಬಗಳ ಮೇಲಿನ ಬೋದಿಗೆ ಶಿಲ್ಪಗಳಿಗೆ ಸಾಕಷ್ಟು ಸಮಯ ಕೊಡಿ. ಕೋತಿಗಳ ಕಾಟ ವಿಪರೀತವಾಗಿರುವುದರಿಂದ ಲೆನ್ಸ್ ಬದಲಿಸುವಾಗ ಚೀಲವನ್ನು ನೆಲದ ಮೇಲೆ ತೆರೆದಿಡುವಂತಿಲ್ಲ. ಪಟ್ಟದಕಲ್ಲಿನ ಕ್ರಮ ಇದಕ್ಕೆ ತಿರುಗುಮುರುಗು: ವಿರೂಪಾಕ್ಷ ದೇವಾಲಯ ಪೂರ್ವಾಭಿಮುಖವಾಗಿರುವುದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಐಹೊಳೆಯನ್ನು ಅದೇ ದಿನ ತುರುಕದೆ ಇನ್ನೊಂದು ಬೆಳಗನ್ನು ಕೊಡಿ.

ಹಂಪಿಗೆ ನಾಲ್ಕು ರಾತ್ರಿಗಳಾದರೂ ಬೇಕು. ಮಾತಂಗ ಬೆಟ್ಟದ ಸೂರ್ಯೋದಯ ಎಲ್ಲರಿಗೂ ಗೊತ್ತಿರುವುದೇ, ಆದರೆ ಅಲ್ಲಿ ಬಹುತೇಕರು ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ನೀವು ಬೆನ್ನು ತಿರುಗಿಸಿ ಪಶ್ಚಿಮಕ್ಕೆ ನೋಡಿ. ಮೊದಲ ಬಿಸಿಲು ವಿರೂಪಾಕ್ಷನ ಗೋಪುರದ ತುದಿಯನ್ನು ಮುಟ್ಟಿ ನಿಧಾನವಾಗಿ ಬೀದಿಗೆ ಇಳಿಯುವುದು ಆ ಕಡೆ. ಬೆಟ್ಟವನ್ನು ಕತ್ತಲಲ್ಲಿ ಹತ್ತಬೇಕಾದ್ದರಿಂದ ಟಾರ್ಚ್ ಇರಲಿ, ಸ್ಥಳೀಯ ಮಾರ್ಗದರ್ಶಿಯೊಬ್ಬರು ಜೊತೆಗಿರಲಿ, ಯಾರೂ ಒಂಟಿಯಾಗಿ ಹೋಗಬಾರದು. ವಸತಿಗೆ ಆನೆಗೊಂದಿಯ ಕಡೆ ಗದ್ದೆಗಳ ನಡುವಿನ ಮನೆಗಳು ಆಕರ್ಷಕವಾಗಿವೆ, ಆದರೆ ಬೆಳಗಾಗುವ ಮುನ್ನ ಹೊಳೆ ದಾಟಿಸುವ ದೋಣಿ ಇರುವುದಿಲ್ಲ, ರಸ್ತೆಯಲ್ಲಿ ಸುತ್ತಿ ಬರಬೇಕಾಗುತ್ತದೆ. ಆದ್ದರಿಂದ ಕಮಲಾಪುರ ಅಥವಾ ಹಂಪಿ ಊರಿನಲ್ಲೇ ಉಳಿಯುವುದು ಅನುಕೂಲ.

ಐವರು ಛಾಯಾಗ್ರಾಹಕರು ತಪ್ಪದೆ ನೋಡಬೇಕಾದ್ದು ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಕೋಣೆ. ಅದರ ಗೋಡೆಯ ಸಣ್ಣ ಕಿಂಡಿಯಿಂದ ತೂರಿ ಬರುವ ಬೆಳಕು ರಾಜಗೋಪುರದ ಬಿಂಬವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ನಿಮ್ಮ ಕೈಯಲ್ಲಿರುವ ಯಂತ್ರದ ತತ್ವವೇ ಅಲ್ಲಿ ಕಲ್ಲಿನ ಕೋಣೆಯಾಗಿ ನಿಂತಿದೆ. ಗೋಪುರಕ್ಕೆ ಬಿಸಿಲು ಚೆನ್ನಾಗಿ ಬಿದ್ದಾಗ ಹೋಗಿ.

ಟಿಕೆಟ್ ವಿಷಯದಲ್ಲಿ ಸ್ವಲ್ಪ ಲೆಕ್ಕ ಬೇಕು. ಪುರಾತತ್ವ ಸರ್ವೇಕ್ಷಣ ಇಲಾಖೆಯ ವಿಶ್ವ ಪರಂಪರೆಯ ತಾಣಗಳಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಎಂಬ ದರವಿದೆ. ಆನ್‌ಲೈನ್‌ನಲ್ಲಿ ಕೊಂಡರೆ ತುಸು ಕಡಿಮೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಾಲಯಕ್ಕೆ ತೆಗೆದ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ನಡೆಯುವುದರಿಂದ, ಎರಡನ್ನೂ ಒಂದೇ ದಿನ ಇಟ್ಟುಕೊಂಡರೆ ಗೆಳೆಯರ ಹಣ ಉಳಿಯುತ್ತದೆ. ನಿಮ್ಮ ಬಳಿ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಇದ್ದರೆ 2021ರ ಅಧಿಸೂಚನೆಯ ಪ್ರಕಾರ ಸ್ಮಾರಕಗಳಿಗೂ ರಾಷ್ಟ್ರೀಯ ಉದ್ಯಾನಗಳಿಗೂ ನಿಮಗೆ ಭಾರತೀಯರ ದರವೇ, ಕಾರ್ಡನ್ನು ಜೊತೆಗಿಟ್ಟುಕೊಳ್ಳಿ. ಸ್ಮಾರಕಗಳ ಒಳಗೆ ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲ. ಪೂಜೆ ನಡೆಯುವ ದೇವಾಲಯಗಳ ಗರ್ಭಗುಡಿಯ ಕಡೆಗೆ ಕ್ಯಾಮೆರಾ ಎತ್ತುವ ಯೋಚನೆಯೇ ಬೇಡ.

ಹಕ್ಕಿ, ಪ್ರಾಣಿಗಳನ್ನು ಇಷ್ಟಪಡುವವರಿಗೆ ಹಂಪಿಯ ಬಳಿಯ ದರೋಜಿ ಕರಡಿಧಾಮದಲ್ಲಿ ಒಂದು ಮಧ್ಯಾಹ್ನ ಸಾಕು; ವೀಕ್ಷಣಾ ಗೋಪುರದಿಂದ ಕರಡಿಗಳು ದೂರದಲ್ಲಿ ಕಾಣುವುದರಿಂದ ಉದ್ದದ ಲೆನ್ಸ್ ಇಲ್ಲದವರು ಅಂದು ತುಂಗಭದ್ರೆಯ ದಡದಲ್ಲಿ ಹರಿಗೋಲುಗಳ ಬಳಿ ಇರುವುದು ಮೇಲು. ಆ ನಂತರ ಕರಾವಳಿಗೆ ಇಳಿಯುವ ದಾರಿಯಲ್ಲಿ ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಎರಡು ರಾತ್ರಿ ನಿಲ್ಲಿ. ಹಕ್ಕಿಗಳು ಸ್ನಾನಕ್ಕೆ ಇಳಿಯುವ ಪುಟ್ಟ ನೀರಿನ ತೊಟ್ಟಿಗಳ ಎದುರು ಕೂತು ಹತ್ತಿರದಿಂದ ಚಿತ್ರ ತೆಗೆಯುವ ವ್ಯವಸ್ಥೆ ಅಲ್ಲಿದೆ, ಮಂಗಟ್ಟೆ ಹಕ್ಕಿಗಳಂತೂ ಆ ಕಾಡಿನಲ್ಲಿ ಧಾರಾಳ. ನಾಗರಹೊಳೆ ಕಾಡಿನಂಚಿನ ಕಬಿನಿಯನ್ನು ನಾನು ಸೇರಿಸಿಲ್ಲ. ಅಲ್ಲಿ ಆನೆಗಳ ಹಿಂಡು ಸೇರುವುದು ಹಿನ್ನೀರು ಇಳಿದು ಹುಲ್ಲು ಚಿಗುರುವ ಬೇಸಿಗೆಯಲ್ಲಿ. ಜೊತೆಗೆ 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ಕಾರಣ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ಸರ್ಕಾರ ನಿಲ್ಲಿಸಿದ್ದೂ ಉಂಟು, ಹೀಗಾಗಿ ಇಂಥ ಕಡೆ ದುಬಾರಿ ಕೊಠಡಿ ಕಾಯ್ದಿರಿಸುವ ಮೊದಲು ವಿಚಾರಿಸಬೇಕು.

ಕರಾವಳಿಗೆ ಶನಿವಾರ ಭಾನುವಾರ ಬರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ, ಏಕೆಂದರೆ ಕಂಬಳಗಳು ಹೆಚ್ಚಾಗಿ ವಾರಾಂತ್ಯದಲ್ಲಿ ನಡೆಯುತ್ತವೆ, ರಾತ್ರಿಯಿಡೀ ಓಟ ಮುಂದುವರಿಯುತ್ತದೆ. ಸಾಮಾನ್ಯ ಓಟಗಳಿಗಿಂತ ಕನೆಹಲಗೆ ವಿಭಾಗವನ್ನು ಕಾದು ನೋಡಿ. ಅದರಲ್ಲಿ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಮುಖ್ಯ, ಮೇಲೆ ಕಟ್ಟಿದ ನಿಶಾನೆಯನ್ನು ನೀರು ಮುಟ್ಟುವ ಆ ಒಂದು ಕ್ಷಣವನ್ನು ಹಗಲಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದ ಷಟರ್ ವೇಗದಲ್ಲಿ ಹಿಡಿಯಬಹುದು. ಕ್ಯಾಮೆರಾಕ್ಕೆ ಮಳೆಗಾಲದ ಹೊದಿಕೆ ಬೇಕೇ ಬೇಕು. ಯಕ್ಷಗಾನ ಮೇಳಗಳ ತಿರುಗಾಟವೂ ಆಗ ಜೋರಾಗಿರುತ್ತದೆ. ರಂಗಸ್ಥಳದ ಎದುರು ಕೂತು ತೆಗೆದ ಚಿತ್ರಗಳು ಎಲ್ಲರ ಬಳಿಯೂ ಇವೆ, ಆದರೆ ಸಂಜೆಯೇ ಹೋಗಿ ಮೇಳದವರ ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರ ಬಳಿ ಸದ್ದಿಲ್ಲದೆ ಕೂರುವ ಅವಕಾಶ ಸಿಕ್ಕರೆ ಇಡೀ ಪ್ರವಾಸದ ಅತ್ಯುತ್ತಮ ಚಿತ್ರಗಳು ಅಲ್ಲೇ ಬರಬಹುದು. ಭೂತಕೋಲವನ್ನು ಯೋಜನೆಯಲ್ಲಿ ಸೇರಿಸಬೇಡಿ. ಅದು ಆರಾಧನೆ, ಹಲವೆಡೆ ಚಿತ್ರೀಕರಣಕ್ಕೆ ನಿಷೇಧವಿದೆ. ಮನೆಯವರೇ ಕರೆದು ಒಪ್ಪಿದರೆ ಮಾತ್ರ, ಅದೂ ಫ್ಲ್ಯಾಶ್ ಇಲ್ಲದೆ.

ಅಲ್ಲಿಂದ ಘಟ್ಟ ಹತ್ತಿ ಬೇಲೂರು, ಹಳೇಬೀಡು. ಬಳಪದ ಕಲ್ಲಿನ ಆಳವಾದ ಕೆತ್ತನೆಗೆ ಓರೆ ಬಿಸಿಲು ಬೇಕು, ನಡುಹಗಲಿನಲ್ಲಿ ಆ ಗೋಡೆಗಳು ಸಪ್ಪೆ. ಒಳಗಿನ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಒಳಛಾವಣಿಗಳನ್ನು, ಟ್ರೈಪಾಡ್ ಇಲ್ಲದೆ ತೆಗೆಯುವುದಕ್ಕೆ ಸುಲಭ ಉಪಾಯವಿದೆ: ಕ್ಯಾಮೆರಾವನ್ನು ಮೇಲ್ಮುಖವಾಗಿ ನೆಲದ ಮೇಲೆ ಮಲಗಿಸಿ, ಟೈಮರ್ ಹಾಕಿ ಪಕ್ಕಕ್ಕೆ ಸರಿದುಬಿಡಿ. ಕೊನೆಯದಾಗಿ ಮೈಸೂರು ಶ್ರೀರಂಗಪಟ್ಟಣದ ಕಡೆ ಸಂಕ್ರಾಂತಿ. ಜನವರಿ ನಡುವಿನ ಆ ಸಂಜೆ ಮೈಸೂರು ಮಂಡ್ಯದ ಹಳ್ಳಿಗಳಲ್ಲಿ ಸಿಂಗರಿಸಿದ ರಾಸುಗಳನ್ನು ಕಿಚ್ಚು ಹಾಯಿಸುತ್ತಾರೆ. ರಾಸುಗಳು ಬೆಂಕಿ ದಾಟಿ ಓಡಿಬರುವ ದಿಕ್ಕಿನಲ್ಲಿ ಎಂದೂ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕು, ಫ್ಲ್ಯಾಶ್ ಹಾಕಿ ಅವುಗಳನ್ನು ಬೆದರಿಸಬಾರದು, ಎಕ್ಸ್‌ಪೋಷರನ್ನು ಜ್ವಾಲೆಗೆ ತಕ್ಕಂತೆ ಮೊದಲೇ ಹೊಂದಿಸಿಟ್ಟುಕೊಳ್ಳಬೇಕು. ಮರುದಿನ ಬೆಳಿಗ್ಗೆ ರಂಗನತಿಟ್ಟಿನ ದೋಣಿ, ಒಂದು ಸಂಜೆ ಸೋಮನಾಥಪುರ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. ಗುಂಪಿನಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ ಆಗಿರುವುದರಿಂದ ಮಾರ್ಗದರ್ಶಿ, ದುಭಾಷಿ, ಖಜಾಂಚಿ ಮೂರೂ ನೀವೇ ಆಗುತ್ತೀರಿ, ಒಳ್ಳೆಯ ಬೆಳಕಿನ ಹೊತ್ತಿನಲ್ಲಿ ಇನ್ನೊಬ್ಬರ ಪರವಾಗಿ ಯಾರದೋ ಅನುಮತಿ ಕೇಳುತ್ತ ನಿಂತಿರುತ್ತೀರಿ. ಹಂಪಿ, ಬಾದಾಮಿಯಂಥ ಕಡೆ ಪರವಾನಗಿ ಪಡೆದ ಮಾರ್ಗದರ್ಶಿಗಳನ್ನು ಗೊತ್ತುಮಾಡಿಕೊಂಡು ನೀವು ಬಿಡುವು ಪಡೆಯಿರಿ. ದಿನದ ಖರ್ಚಿನ ಲೆಕ್ಕವನ್ನು ಗೆಳೆಯರಲ್ಲೊಬ್ಬರು ಹೊರಲಿ. “ಒಂದು ಫೋಟೊ ತೆಗೀಲಾ?” ಎಂಬ ಮಾತನ್ನು ವಿಮಾನದಲ್ಲೇ ನಾಲ್ವರಿಗೂ ಕಲಿಸಿಬಿಡಿ. ಬೆಳಿಗ್ಗೆ ಐವರೂ ಒಟ್ಟಿಗೆ ಹೊರಟರೂ ಒಂದೇ ಕಡೆ ಸಾಲಾಗಿ ನಿಂತು ಒಂದೇ ಚಿತ್ರವನ್ನು ಐದು ಸಲ ತೆಗೆಯುವುದು ಬೇಡ; ಇಂಥ ಹೊತ್ತಿಗೆ ಇಂಥಲ್ಲಿ ಸೇರೋಣ ಎಂದು ಹೇಳಿಕೊಂಡು ಚದುರಿ. ವಾಹನಕ್ಕೆ ಟೆಂಪೊ ಟ್ರಾವೆಲರ್ ಹಿಡಿಯಿರಿ, ಚಿಕ್ಕ ಕಾರಿನಲ್ಲಿ ಐವರ ಸಾಮಾನು ಹಿಡಿಸುವುದಿಲ್ಲ. ನಸುಕಿಗೇ ಹೊರಡಬೇಕಾಗುತ್ತದೆ ಎಂಬುದನ್ನು ಚಾಲಕರಿಗೆ ಮೊದಲೇ ತಿಳಿಸಿ, ಅವರ ಬಾಟಾ (ದಿನಭತ್ಯೆ) ಮತ್ತು ರಾತ್ರಿ ಉಳಿಯುವ ವ್ಯವಸ್ಥೆಯನ್ನು ಮಾತಾಡಿ ಮುಗಿಸಿಕೊಳ್ಳಿ.

ಗೆಳೆಯರು ಡ್ರೋನ್ ತರಬಾರದು. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ವಶಪಡಿಸಿಕೊಳ್ಳಬಹುದು. ಚಾರಣಿಗರು ಕೊಂಡೊಯ್ಯುವ ಉಪಗ್ರಹ ಸಂವಹನ ಸಾಧನಗಳು ಇನ್ನೂ ಅಪಾಯಕಾರಿ, ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಂಡಿದ್ದ ವಿದೇಶಿಯರ ಬಂಧನವಾದ ಉದಾಹರಣೆಗಳಿವೆ. ಅಣೆಕಟ್ಟು, ಸೇನಾ ನೆಲೆ, ವಿಮಾನ ನಿಲ್ದಾಣಗಳ ಚಿತ್ರ ತೆಗೆಯಬಾರದು. ಪ್ರವಾಸಿ ವೀಸಾ ಹವ್ಯಾಸಿಗಳಿಗೆ ಸಾಕು, ಯಾರಾದರೂ ಪತ್ರಿಕೆಗೋ ಸಾಕ್ಷ್ಯಚಿತ್ರಕ್ಕೋ ಕೆಲಸ ಮಾಡುವವರಿದ್ದರೆ ಬೇರೆ ಬಗೆಯ ವೀಸಾ ಬೇಕಾಗುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಆದ್ದರಿಂದ ಬಾದಾಮಿಯ ರೈಲಿಗೆ ಅಕ್ಟೋಬರ್ ಕೊನೆಯಲ್ಲಿ ಪ್ರಯತ್ನಿಸಿ. ಗಣೇಶಗುಡಿ ಮತ್ತು ಹಂಪಿಯ ಕೊಠಡಿಗಳನ್ನು ಮಾತ್ರ ಅಷ್ಟು ದಿನ ಕಾಯದೆ ಈಗಲೇ ಹಿಡಿದಿಡಿ.