ಲೈಸೆನ್ಸ್ ವಾಪಸ್ ಕೊಟ್ಟುಬಿಡಲೇ, ಮೇಡಂ?

ಪ್ರಶ್ನೆ: ನಾನು ಐಸಿಯು ನರ್ಸ್. 11 ವರ್ಷದ ಸರ್ವಿಸ್. ಮಾರ್ಫಿನ್ ರಿಜಿಸ್ಟರ್‌ನಲ್ಲಿ ನನ್ನ ನಾಲ್ಕು ಎಂಟ್ರಿಗಳಿಗೆ ಸಾಕ್ಷಿ ಸಹಿ ಇಲ್ಲ. ಔಷಧಿ ನಾನೇ ಚುಚ್ಚಿಕೊಳ್ಳುತ್ತೇನೆ ಎಂದು ಜೊತೆಯವರೊಬ್ಬರು ದೂರು ಕೊಟ್ಟಿದ್ದಾರೆ. ವಿವರಣೆ ಕೇಳಿ ನರ್ಸಿಂಗ್ ಬೋರ್ಡ್‌ನಿಂದ ಪತ್ರ ಬಂದಿದೆ. ಮಾರ್ಫಿನ್ ಒಂದು ಹನಿಯೂ ತೆಗೆದುಕೊಂಡಿಲ್ಲ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದರೆ ನಿದ್ದೆ ಬರುವುದಿಲ್ಲ. ಒಂದು ವರ್ಷದಿಂದ ಅಲ್ಪ್ರಜೋಲಾಮ್ ನುಂಗುತ್ತಿದ್ದೇನೆ. ಮೊದಲು ಡಾಕ್ಟರ್ ಬರೆದುಕೊಟ್ಟಿದ್ದು, ಈಗ ಚೀಟಿ ಇಲ್ಲ. ಒಂದು ಮಾತ್ರೆ ಎರಡಾಗಿದೆ. ಇದು ಹೊರಗೆ ಬಂದರೆ ನನ್ನ ಕಥೆ ಮುಗಿಯಿತು. ಮರ್ಯಾದೆಯಾಗಿ ಲೈಸೆನ್ಸ್ ವಾಪಸ್ ಕೊಟ್ಟುಬಿಡಲೇ, ಮೇಡಂ?

ಉತ್ತರ: ಬೇಡ, ಸಿಸ್ಟರ್. ಈಗಂತೂ ಬೇಡವೇ ಬೇಡ. ತನಿಖೆ ನಡೆಯುವಾಗ ಲೈಸೆನ್ಸ್ ಒಪ್ಪಿಸಿದರೆ ಅದನ್ನು ಯಾರೂ ಮರ್ಯಾದೆ ಅಂತ ಓದುವುದಿಲ್ಲ, ಶಿಸ್ತು ಕ್ರಮ ಅಂತಲೇ ಓದುತ್ತಾರೆ. ಅಮೆರಿಕದಲ್ಲಿ ಅದು ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಬೇರೆ ರಾಜ್ಯಕ್ಕೆ ಹೋಗಿ ಅರ್ಜಿ ಹಾಕಿದರೂ ಅಲ್ಲಿ ಕಾಣಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಆರನೇ ವರ್ಷ, ಬೆಳಗಿನ ಎಣಿಕೆಯಲ್ಲಿ ಮಾರ್ಫಿನ್‌ನಂಥದ್ದೇ ನೋವಿನ ಔಷಧಿ ಪೆಥಿಡಿನ್‌ನ ಒಂದು ಆಂಪುಲ್ (ಇಂಜೆಕ್ಷನ್ನಿನ ಸಣ್ಣ ಗಾಜಿನ ಸೀಸೆ) ಕಡಿಮೆ ಬಿತ್ತು. ರಾತ್ರಿಯಿಡೀ ನಿಂತು ಕಾಲು ಊದಿಕೊಂಡಿತ್ತು. ಇನ್‌ಚಾರ್ಜ್ ಒಂದು ಹಾಳೆ ಕೊಟ್ಟು ‘ಈಗಲೇ ಬರೆದುಕೊಡು’ ಎಂದರು. ‘ಬಹುಶಃ ನನ್ನಿಂದಲೇ ತಪ್ಪಾಗಿರಬಹುದು’ ಎಂದು ಬರೆದು ಸಹಿ ಹಾಕಿದೆ. ನಿಜಕ್ಕೂ ಏನಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಸುಮ್ನೆ ಮನೆಗೆ ಹೋದರೆ ಸಾಕಾಗಿತ್ತು. ಆಮೇಲೆ ಎಂಟು ತಿಂಗಳು, ಪ್ರತಿ ವಿಚಾರಣೆಯಲ್ಲೂ ಅದೇ ಸಾಲನ್ನು ನನ್ನ ಮುಂದೆ ಓದಿದರು. ಅದಕ್ಕೇ ಹೇಳುತ್ತಿದ್ದೇನೆ, ಬೋರ್ಡ್‌ಗೆ ಒಂದಕ್ಷರ ಬರೆಯುವ ಮೊದಲು ಲೈಸೆನ್ಸ್ ಕೇಸುಗಳನ್ನು ನಡೆಸಿ ಗೊತ್ತಿರುವ ವಕೀಲರನ್ನು ನೋಡಿ. ಆಸ್ಪತ್ರೆಯ ವಕೀಲರು ಆಸ್ಪತ್ರೆಯವರು, ನಿಮ್ಮವರಲ್ಲ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಗಂಟು ಬಿದ್ದಿವೆ. ಬಿಡಿಸೋಣ.

ಮೊದಲನೆಯದು ಮಾರ್ಫಿನ್. 10 ಮಿಲಿಗ್ರಾಂ ಆಂಪುಲ್ ಒಡೆದು ರೋಗಿಗೆ 4 ಕೊಟ್ಟರೆ, ಉಳಿದ 6 ಚೆಲ್ಲಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಆ ಸಹಿ ಇಲ್ಲದಿರುವುದು ತಪ್ಪೇ. ಒಪ್ಪಿಕೊಳ್ಳಿ. ಆದರೆ ಸಹಿ ಬಿಟ್ಟುಹೋಗುವುದು ಬೇರೆ, ಔಷಧಿ ಕದಿಯುವುದು ಬೇರೆ. ಆ ನಾಲ್ಕು ರಾತ್ರಿ ಡ್ಯೂಟಿಯಲ್ಲಿ ಎಷ್ಟು ಜನ ಇದ್ದರು? ಒಬ್ಬೊಬ್ಬರಿಗೆ ಎಷ್ಟು ರೋಗಿಗಳು? ಡಾಕ್ಟರ ಆರ್ಡರ್, ಕೇಸ್ ಶೀಟ್, ಔಷಧಿ ಕೊಟ್ಟಮೇಲೆ ರೋಗಿಯ ನೋವು ಎಷ್ಟು ಇಳಿಯಿತು ಎಂದು ಬರೆದದ್ದು, ಇವೆಲ್ಲ ರಿಜಿಸ್ಟರ್ ಜೊತೆ ತಾಳೆ ಆಗುತ್ತವೆಯೇ? ವಕೀಲರ ಮೂಲಕ ಇವುಗಳ ಪ್ರತಿ ಕೇಳಿ. ನೀವಾಗಿ ರೆಕಾರ್ಡ್ ತೆರೆಯಬೇಡಿ. ಬಿಟ್ಟುಹೋದ ಸಹಿಯನ್ನು ಈಗ ತುಂಬಿಸಲು ಹೋದರೆ ಸಣ್ಣ ತಪ್ಪು ಫೋರ್ಜರಿ ಆಗುತ್ತದೆ. ನೆನಪಿದ್ದದ್ದನ್ನು ಇವತ್ತಿನ ತಾರೀಖು ಹಾಕಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅದನ್ನು ವಕೀಲರಿಗೆ ಮಾತ್ರ ತೋರಿಸಿ.

ಮೂತ್ರ ಪರೀಕ್ಷೆ ಕೇಳಿದರೆ, ಹೇಗೆ ಮಾಡುತ್ತಾರೆ ಎಂದು ವಿಚಾರಿಸಿ. ಮೊದಲ ಸ್ಕ್ರೀನಿಂಗ್ ಒಂದೇ ಸಾಲದು, ಯಾವ ಔಷಧಿ ಎಂದು ನಿಖರವಾಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ಖಚಿತವಾಗಬೇಕು. ಕೋಡಿನ್ ಇರುವ ಕೆಮ್ಮಿನ ಸಿರಪ್ ಕುಡಿದರೂ ಮೈಯಲ್ಲಿ ಅದು ಮಾರ್ಫಿನ್ ಆಗುತ್ತದೆ. ಗಸಗಸೆ ತಿಂದವರಲ್ಲೂ ಮಾರ್ಫಿನ್ ಕಾಣಿಸುತ್ತಿದ್ದ ಕಾರಣಕ್ಕೇ ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎನ್ನುವ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ನುಂಗುವ ಪ್ರತಿ ಔಷಧಿಯ ಪಟ್ಟಿ ನಿಮ್ಮ ಕೈಯಲ್ಲಿರಲಿ.

ಎರಡನೆಯದು ಆ ಮಾತ್ರೆ. ನನಗೆ ಜಾಸ್ತಿ ಭಯ ಇದರದ್ದೇ. ಪರೀಕ್ಷೆಗೆ ಹೆದರಿ ಇವತ್ತು ರಾತ್ರಿ ಪೂರ್ತಿ ನಿಲ್ಲಿಸಿಬಿಡಬೇಡಿ, ದಯವಿಟ್ಟು! ವರ್ಷಗಟ್ಟಲೆ ತೆಗೆದುಕೊಂಡ ಅಲ್ಪ್ರಜೋಲಾಮ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಬೇರೆಯವರಿಗಾದರೆ ಇದನ್ನು ನೀವೇ ಹೇಳುತ್ತಿದ್ದಿರಿ, ಅಲ್ವಾ? ಈ ವಾರವೇ ಮನೋವೈದ್ಯರನ್ನು ನೋಡಿ. ಡೋಸ್ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ನಿದ್ದೆಗೆ ಬೇರೆ ದಾರಿ ಹುಡುಕುತ್ತಾರೆ. ಅಲ್ಲಿಯವರೆಗೆ ರಜೆ ಹಾಕಿ. ಮಾತ್ರೆಯ ಮಂಪರಿನಲ್ಲಿ ವೆಂಟಿಲೇಟರ್ ಪಕ್ಕ ನಿಲ್ಲಬಾರದು. ಈ ಒಂದು ಮಾತಿನಲ್ಲಿ ನಿಮ್ಮ ಪರ ನಾನು ಬಗ್ಗುವುದಿಲ್ಲ.

ಡಾಕ್ಟರ ಬಳಿ ಹೋಗುವುದು ನಿಮ್ಮ ಕೇಸಿಗೂ ಒಳ್ಳೆಯದು. ಯಾರೂ ಹೇಳದೆ ನೀವೇ ಹೋಗಿ ಚಿಕಿತ್ಸೆ ಶುರು ಮಾಡಿದ್ದಕ್ಕೆ ತೂಕವಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಶಿಕ್ಷೆಯ ಬದಲು ಚಿಕಿತ್ಸೆ ಮತ್ತು ನಿಗಾ ಇಡುವ ಕಾರ್ಯಕ್ರಮಗಳಿವೆ. ಅವು ಸುಲಭವಲ್ಲ. ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಒಪ್ಪಂದ. ಯಾವಾಗ ಬೇಕಾದರೂ ಮೂತ್ರ ಪರೀಕ್ಷೆ. ಡ್ರಗ್ ಕಬೋರ್ಡ್ ಕೀ ಕೆಲವು ಕಾಲ ಕೈಗೆ ಸಿಗುವುದಿಲ್ಲ. ಆದರೂ ಅವನ್ನು ಮುಗಿಸಿ ಮತ್ತೆ ಕೆಲಸ ಮಾಡುತ್ತಿರುವ ನರ್ಸ್‌ಗಳಿದ್ದಾರೆ. ನಿಮ್ಮ ಬೋರ್ಡ್‌ನಲ್ಲಿ ಅಂಥದ್ದು ಇದೆಯೇ, ಸೇರಿದರೆ ಏನನ್ನು ಒಪ್ಪಿಕೊಂಡಂತೆ ಆಗುತ್ತದೆ, ಇದನ್ನು ಸಹಿಗೆ ಮೊದಲು ವಕೀಲರಿಂದ ಕೇಳಿ ತಿಳಿಯಿರಿ. ಮಾತ್ರೆಯ ವಿಷಯ ಬೋರ್ಡ್‌ಗೆ ಯಾವಾಗ, ಹೇಗೆ ಹೇಳಬೇಕು ಎಂಬುದನ್ನೂ ಅವರ ಜೊತೆ ಕೂತು ತೀರ್ಮಾನಿಸಿ. ನೇರವಾಗಿ ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ.

ದೂರು ಕೊಟ್ಟವರಿಗೆ ಫೋನ್ ಮಾಡಬೇಡಿ, ಮೆಸೇಜ್ ಕೂಡ ಬೇಡ. ಮನೆಯಲ್ಲಿ ಒಬ್ಬರಿಗಾದರೂ ಎಲ್ಲವನ್ನೂ ಹೇಳಿಕೊಳ್ಳಿ. ‘ನನ್ನ ಕಥೆ ಮುಗಿಯಿತು’ ಎಂಬ ಮಾತು ಓದಿ ನನಗೆ ಸಂಕಟವಾಯಿತು. ಬದುಕೇ ಬೇಡ ಎನ್ನುವಷ್ಟು ಮನಸ್ಸು ಕುಸಿದರೆ, ಒಬ್ಬರೇ ಇರಬೇಡಿ. ಅದೇ ಗಳಿಗೆ ಯಾರನ್ನಾದರೂ ಎಬ್ಬಿಸಿ, ಆಸ್ಪತ್ರೆಗೆ ಹೋಗಿ.

ಉತ್ತರ ಕಳಿಸಲು ಕೊನೆಯ ದಿನ ಯಾವುದೆಂದು ನೀವು ಬರೆದಿಲ್ಲ. ಬೋರ್ಡ್ ಪತ್ರದಲ್ಲೇ ಇರುತ್ತದೆ, ಈಗಲೇ ತೆಗೆದು ನೋಡಿ. ದಿನ ಕಡಿಮೆ ಇದ್ದರೆ ಹೆಚ್ಚಿನ ಸಮಯ ಕೇಳಿ ವಕೀಲರಿಂದ ನಾಳೆಯೇ ಪತ್ರ ಹೋಗಲಿ.